ಕುಣಿಮಗ್ಗದ ಮುಂದಿನ ಕುರ್ಚಿ

ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದೆ. ಅರ್ಧಕ್ಕೇ ಸೊಂಟದಲ್ಲಿ ಏನೋ ಚುಚ್ಚಿದಂತಾಗಿ ಕೊಡ ಕೈ ಜಾರಿತು. ನನ್ನ ಗಂಡ ಅಂದಪ್ಪ ಮಗ್ಗ ಬಿಟ್ಟು ಓಡಿ ಬಂದರು.

"ಕೊಡಾ ಎತ್ತಬ್ಯಾಡಂತ ಎಷ್ಟ ಸಲ ಹೇಳ್ಬೇಕ ನಿನಗ?"

"ಖಾಲಿ ಕೊಡಾರಿ ಅದು."

"ಖಾಲಿ ಕೊಡದಾಗಿನ ನೀರೇನು ಇದು?" ತೊಯ್ದ ಧೋತರದ ಅಂಚು ತೋರಿಸಿದರು. ನಗು ಬಂತು. ನಕ್ಕರೂ ನೋಯುತ್ತಿತ್ತು.

ಆರು ವರ್ಷದ ಹಿಂದೆ, ಎಂಬತ್ತನೇ ಇಸವಿಯಲ್ಲಿ, ಅವರ ಸೈಕಲ್ಲಿನ ಹಿಂದಿನ ಸೀಟಿನಿಂದ ಬಿದ್ದೆ. ಡಾಕ್ಟರು ಸೊಂಟದ ಮುರಿದ ಕೀಲು ತೆಗೆದು ಸ್ಟೀಲಿನದು ಕೂರಿಸಿ, ಎಲುಬಿಗೆ ಹಾಕುವ ಸಿಮೆಂಟಿನಿಂದ ಬಿಗಿದರು. ನೆಲದಲ್ಲಿ ಕೂಡಬಾರದು, ಮಗ್ಗ ತುಳಿಯಬಾರದು ಎಂದರು.

ನಮ್ಮ ಇಳಕಲ್ಲಿನಲ್ಲಿ ನೆಲದ ಕುಣಿಗೆ ಕಾಲು ಇಳಿಬಿಟ್ಟೇ ಸೀರೆ ನೇಯುವುದು. ಮೊದಲು ನಮ್ಮಿಬ್ಬರ ಮಗ್ಗ ಅಕ್ಕಪಕ್ಕ. ಲಾಳಿ ಎಸೆಯುತ್ತ ಅವರು ಓರೆಗಣ್ಣಿನಲ್ಲಿ ನೋಡಿದರೆ ನನ್ನ ಎಳೆ ತಪ್ಪುತ್ತಿತ್ತು. ಆಮೇಲೆ ನನ್ನ ಕುಣಿಗೆ ಹಲಗೆ ಮುಚ್ಚಿ, ಮೇಲೊಂದು ಕುರ್ಚಿ ಇಟ್ಟರು. ಅಲ್ಲಿ ಕೂತು ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವ ನನಗೆ ಅವರ ನೆತ್ತಿಯಷ್ಟೇ ಕಾಣುತ್ತಿತ್ತು.

ಕೊಡ ಜಾರಿದ ದಿನವೇ ಮಗಳು ಇಂದ್ರವ್ವನನ್ನೂ ಕರೆದುಕೊಂಡು ಬಾಗಲಕೋಟೆಯ ಬಸ್ಸು ಹತ್ತಿದೆವು. ಡಾಕ್ಟರು ಎಕ್ಸ್‌ರೇ ಫೋಟೋ ಕಿಟಕಿಗೆ ಹಿಡಿದರು.

"ಈ ಕರೇ ಗೆರಿ ನೋಡ್ರಿ. ಸಿಮೆಂಟಿಗೂ ಎಲುಬಿಗೂ ನಡುವ ಸಂದಿ ಬಿದ್ದೈತಿ, ಕೀಲು ಸಡಲ ಆಗಾಕತ್ತೈತಿ. ಎಲುಬೂ ತೆಳ್ಳಗಾಗೇತಿ. ಭಾರಾ ಎಲ್ಲಾ ಸ್ಟೀಲ ಹೊತ್ತರ ಎಲುಬಿಗೆ ಕೆಲಸಾ ಇರೂದಿಲ್ಲ, ಸೊರಗತೈತಿ."

"ಸಡಲ ಯಾಕ ಆತ್ರಿ?" ಇವರು ಕೇಳಿದರು.

"ಕೆಲವರಿಗೆ ತಾನಾ ಆಗತೈತಿ. ಕೆಳಗ ಕುಂತು ಕಾಲು ತುಳದ್ರ ಲಗೂನ ಆಗತೈತಿ. ಹಂಗೇನರ ಮಾಡ್ತೀರೇನವ್ವಾ?"

"ಏ, ಇಲ್ರಿ!" ನನಗಿಂತ ಮೊದಲು ಇವರೇ ಅಂದರು. "ಕೊಡಾ ಸೈತ ಎತ್ತಾಕ ಬಿಡೂದಿಲ್ಲ ನಾ."

ನಾನು ನೆಲ ನೋಡಿದೆ.

"ಹಿಂಗ ಹೆಚ್ಚಾದರ ಮತ್ತ ಆಪರೇಶನ್ ಆಗಬೇಕು. ಹೊಸಾ ಕೀಲು ಹಿಡಿಯಾಕ ಅಷ್ಟರಾಗ ಎಲುಬು ಉಳದಿರಬೇಕಲ್ಲ? ಜ್ವಾಕಿ."

ಪ್ರತಿ ಶನಿವಾರ ಇವರು ಹುನಗುಂದಕ್ಕೆ ಸೀರೆ ಮಾರಲು ಒಯ್ದಾಗ ನಾನು ಅವರ ಕುಣಿಗೆ ಇಳಿಯುತ್ತಿದ್ದೆ. ಅವರು ಎದ್ದುಹೋದ ಜಾಗ ಇನ್ನೂ ಬೆಚ್ಚಗಿರುತ್ತಿತ್ತು. ಅಲ್ಲಿ ಕೂತರೆ ನಾನು ಕುರ್ಚಿಯ ಹೆಂಗಸಲ್ಲ, ಅವರ ಪಕ್ಕದವಳು. ಎರಡು ಬೆರಳಷ್ಟು ನೇಯ್ದು ಏಳುತ್ತಿದ್ದೆ. "ಅಪ್ಪಗ ಹೇಳಬ್ಯಾಡ" ಎಂದು ಎಂಟು ವರ್ಷದ ಮಗಳ ಬಾಯಿ ಕಟ್ಟಿದ್ದೆ.

ಬಸ್‌ಸ್ಟ್ಯಾಂಡಿನಲ್ಲಿ ಇವರು ಒಂದೇ ಚಹಾ ತಂದು ಕಪ್ಪಿನ ಕೆಳಗಿನ ಬಸಿಗೆ ಸುರಿದು, ಊದಿ ಆರಿಸಿ ನನಗೆ ಕೊಟ್ಟರು.

"ತಪ್ಪ ನಂದ ಐತಿ, ಶಿವಲಿಂಗಿ. ಸೈಕಲ್ ಮ್ಯಾಲಿಂದ ಕೆಡವಿದಾಂವಾ ನಾನ. ಅದು ಸಾಲದಂತ ಕುರ್ಚಿ ಮ್ಯಾಲೆ ಕುಂದರಿಸಿ ಎಲುಬೂ ಸೊರಗಿಸಿದೆ."

ಅವರ ಕಣ್ಣು ತುಂಬಿತ್ತು. ಆ ಕಣ್ಣನ್ನು ಇಷ್ಟು ಹತ್ತಿರದಿಂದ ನೋಡಲು ಆರು ವರ್ಷ ಹಂಬಲಿಸಿದವಳು, ಈಗ ನೋಡಲಾರದೆ ಹೋದೆ. ಹೇಳಬೇಕೆಂದು ಬಾಯಿ ತೆರೆದೆ.

"ಚಹಾ ಆರತೈತಿ, ನೀವೂ ಕುಡೀರಿ" ಎಂದೆ.

ಇಂದ್ರವ್ವ ಬಿಸ್ಕೀಟು ತಿನ್ನುವುದನ್ನು ನಿಲ್ಲಿಸಿದಳು. ಅವರ ಮುಖ ನೋಡಿದಳು, ನನ್ನ ಮುಖ ನೋಡಿದಳು, ನನ್ನ ಸೆರಗು ಜಗ್ಗಿದಳು.

"ಅವ್ವಾ, ಅಪ್ಪ ಅಳಾಕತ್ತಾನ. ನೀ ಶನಿವಾರ ಅವನ ಕುಣಿಯಾಗ ಕೂಡೂದು ಈಗರೆ ಹೇಳ್ಲೇನು?"