ಎರಡು ಸುತ್ತು ಸಡಿಲ

"ಈ ಸಲ ಯಾರದ್ದು?" ಹೊಲಿಗೆ ಯಂತ್ರದಿಂದ ತಲೆ ಎತ್ತದೆಯೇ ಕೇಳಿದಳು ಟೈಲರ್.

"ಡಾಕ್ಟರದು," ಎಂದ ಎದುರಿನ ಗಾಳದಂಗಡಿಯವನು. ಹೇಳುವಾಗ ನಕ್ಕ. ಆ ನಗು ಅವಳಿಗೆ ಹಿಡಿಸಲಿಲ್ಲ.

ಎರಡು ವರ್ಷದಿಂದ ಸೋಮವಾರ ಸಂಜೆಯಾದರೆ ಅವನು ರಸ್ತೆ ದಾಟಿ ಬರುತ್ತಿದ್ದ. ಕೈಯಲ್ಲಿ ಯಾರೋ ಗಿರಾಕಿಯ ರೀಲು, ರೀಲಿನ ತುಂಬ ಸಿಕ್ಕು. ಅವನು ಮಾರುತ್ತಿದ್ದ ಬೇಟ್‌ಕಾಸ್ಟಿಂಗ್ ರೀಲುಗಳ ಜಾಯಮಾನವೇ ಅಂಥದ್ದು. ಗಾಳ ಎಸೆದೊಡನೆ ದಾರ ಸುತ್ತಿದ ಉರುಳೆಯೇ ಗಿರ್ರನೆ ತಿರುಗುತ್ತದೆ. ಗಾಳ ನೀರಿಗೆ ಬಿದ್ದ ಮೇಲೂ ಉರುಳೆ ನಿಲ್ಲದಿದ್ದರೆ, ಹೋಗಲು ಜಾಗವಿಲ್ಲದ ದಾರ ಒಳಗೊಳಗೇ ಗೋಜಲಾಗುತ್ತದೆ. ಹೊಸದಾಗಿ ಕಲಿಯುವವರ ಅರ್ಧ ಭಾನುವಾರ ಅದಕ್ಕೇ ಬಲಿ.

ಅವಳು ಕ್ರೋಶಾ ಕಡ್ಡಿಯ ತುದಿಯಿಂದ ಒಂದೊಂದೇ ಕುಣಿಕೆಯನ್ನು ಎತ್ತಿ, ಅರ್ಧ ಗಂಟೆಯಲ್ಲಿ ಬಿಡಿಸಿಕೊಡುತ್ತಿದ್ದಳು. ಅಷ್ಟು ಹೊತ್ತು ಅವನು ಇಸ್ತ್ರಿ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕೂತು ಮಾತಾಡುತ್ತಿದ್ದ. ಕೆರೆಯ ಮೇಲಿನ ಮಂಜು, ದಡದವರೆಗೆ ಬಂದು ತಪ್ಪಿಸಿಕೊಂಡ ಮೀನು, ಅವನ ಅಮ್ಮನ ಮಂಡಿನೋವು. ಅವಳು ಹೂಂ ಅನ್ನುತ್ತಿದ್ದಳು. ಅವನು ಎದ್ದು ಹೋದ ಮೇಲೆ ಆ ಸ್ಟೂಲಿನ ಮೇಲೆ ಸ್ವಲ್ಪ ಹೊತ್ತು ಯಾರನ್ನೂ ಕೂರಿಸುತ್ತಿರಲಿಲ್ಲ.

ಈಗ ಈ ಡಾಕ್ಟರ್ ಬಂದಿದ್ದಳು. ರಸ್ತೆಯ ತಿರುವಿನಲ್ಲಿ ಹೊಸದಾಗಿ ಹಲ್ಲಿನ ಕ್ಲಿನಿಕ್ ತೆರೆದವಳು. ಕತ್ತರಿಸಿದ ಕೂದಲು, ಜೋರು ನಗು. ಒಂದು ಬೆಳಿಗ್ಗೆ ಗಾಳದಂಗಡಿಗೆ ಹೋಗಿ, ಎಲ್ಲಕ್ಕಿಂತ ಕಷ್ಟದ ರೀಲು ಯಾವುದೋ ಅದನ್ನೇ ಕೊಡಿ ಎಂದು ಕೇಳಿದಳಂತೆ. ಅವನು ಫುಟ್‌ಪಾತಿನ ಮೇಲೇ ಪಾಠ ಶುರು ಮಾಡಿದ. ಕೊಕ್ಕೆಯಿಲ್ಲದ ರಬ್ಬರ್ ಗುಂಡು ಕಟ್ಟಿ, ಅವಳ ಹೆಬ್ಬೆರಳಿನ ಮೇಲೆ ತನ್ನ ಹೆಬ್ಬೆರಳಿಟ್ಟು, ಉರುಳೆಯನ್ನು ಎಷ್ಟು ಒತ್ತಬೇಕು, ಯಾವಾಗ ಬಿಡಬೇಕು ಎಂದು ತೋರಿಸಿದ. ಡಾಕ್ಟರ್ ಕತ್ತು ಹೊರಳಿಸಿ ಅವನ ಮುಖ ನೋಡಿದಳು. ಬೆರಳು ನೋಡಬೇಕಾದ ಹೊತ್ತಿನಲ್ಲಿ ಮುಖ ನೋಡಿದಳು!

ಗಾಜಿನ ಬಾಗಿಲಿನ ಈಚೆಯಿಂದ ಟೈಲರ್ ಅಷ್ಟನ್ನೂ ಕಂಡಳು. ಯಂತ್ರ ನಿಲ್ಲಿಸಿದಾಗ ಗೊತ್ತಾಯಿತು, ಒಬ್ಬರ ಅಂಗಿಯ ತೋಳಿನ ಬಾಯನ್ನೇ ಹೊಲಿದು ಮುಚ್ಚಿದ್ದಳು.

"ಕೈ ಇಲ್ಲದವರ ಅಂಗೀನಾ ಅದು?" ಎಂದಳು ಗುಂಡಿ ಹಚ್ಚುತ್ತಿದ್ದ ಅಕ್ಕ.

"ಅವಳ ನಗು ನೋಡಿದ್ಯಾ ಅಕ್ಕ? ರಸ್ತೆಗೆಲ್ಲ ಕೇಳ್ಸುತ್ತೆ."

"ಹಲ್ಲಿನ ಡಾಕ್ಟರಲ್ವಾ, ಹಲ್ಲು ತೋರಿಸ್ತಾಳೆ. ನಿನಗ್ಯಾಕೆ ಹೊಟ್ಟೆಯುರಿ?"

"ನನಗ್ಯಾಕೆ ಹೊಟ್ಟೆಯುರಿ?" ಎಂದು ಅದೇ ಮಾತನ್ನು ತಿರುಗಿಸಿ ಹೇಳಿ ಅವಳು ದಾರ ಕಚ್ಚಿ ಕತ್ತರಿಸಿದಳು.

ಮೊದಲ ವಾರಗಳಲ್ಲಿ ಡಾಕ್ಟರ ರೀಲು ಹೊಟ್ಟೆ ತುಂಬ ಸಿಕ್ಕು ಹೊತ್ತು ಬಂತು. ತನ್ನ ಪಾಲಿನ ಮನುಷ್ಯನ ಜೊತೆ ಇನ್ನೊಬ್ಬಳು ಕೆರೆಯ ದಡದಲ್ಲಿ ಕಳೆದ ಭಾನುವಾರವನ್ನು ಸೋಮವಾರ ಕೂತು ಎಳೆ ಎಳೆಯಾಗಿ ಬಿಡಿಸಬೇಕು! ಆದರೂ ಅವನು ಎದುರಿಗೆ ಇರುತ್ತಿದ್ದ. ಆಮೇಲೆ ಸಿಕ್ಕು ಕಡಿಮೆಯಾಗುತ್ತ ಬಂತು. ನಾಲ್ಕನೇ ಸೋಮವಾರ ಅವನು ಬಾಗಿಲಲ್ಲೇ ನಿಂತು, "ಈ ವಾರ ಏನೂ ಇಲ್ಲ ಮೇಡಂ! ಡಾಕ್ಟರು ಚೆನ್ನಾಗಿ ಎಸೀತಿದ್ದಾರೆ," ಎಂದು ಖುಷಿಯಾಗಿ ಹೇಳಿ ಹೊರಟೇಹೋದ.

ಐದನೇ ವಾರ ಸಣ್ಣದೊಂದು ಗಂಟು. ಎರಡು ನಿಮಿಷದ ಕೆಲಸ. ಅವನು ಫೋನ್ ಬಂತೆಂದು ಹೊರಗೆ ಹೋದ. ರೀಲಿನ ಬದಿಯಲ್ಲಿ ಪುಟ್ಟದೊಂದು ತಿರುಪು ಇತ್ತು. ಉರುಳೆ ಹದ್ದುಮೀರಿ ಓಡದಂತೆ ತಡೆಯುವುದು ಅದೇ ಎಂದು ಹಿಂದೊಮ್ಮೆ ಅವನೇ ಹೇಳಿಕೊಟ್ಟಿದ್ದ. ಅವಳ ಬೆರಳು ಅಲ್ಲಿಗೆ ಹೋಯಿತು. ಒಂದು ಸುತ್ತು. ಇನ್ನೊಂದು ಸುತ್ತು. ತಿರುಪು ಸಡಿಲವಾಯಿತು.

ಮುಂದಿನ ಸೋಮವಾರ ಬಂದ ಸಿಕ್ಕಿಗೆ ಒಂದು ಗಂಟೆ ಹಿಡಿಯಿತು. ಆ ಒಂದು ಗಂಟೆ ಅವಳ ಪಾಲಿಗೆ ಹಬ್ಬ. "ಡಾಕ್ಟರ ಕೈಗೆ ಬಂದಿದ್ದ ಹದ ಎಲ್ಲಿ ಹೋಯ್ತೋ," ಎಂದು ಅವನು ತಲೆ ಕೆರೆದುಕೊಂಡ. ಅವಳು ಕಣ್ಣೆತ್ತಲಿಲ್ಲ. ಕೊಡುವ ಮುನ್ನ ಮತ್ತೆ ಎರಡು ಸುತ್ತು.

ಅದರ ಮುಂದಿನ ವಾರ ಅವನು ರೀಲನ್ನು ಮೇಜಿನ ಮೇಲಿಟ್ಟ, ಸ್ಟೂಲಿನ ಮೇಲೆ ಕೂರಲಿಲ್ಲ.

"ಡಾಕ್ಟರ ಹೆಬ್ಬೆರಳು ಹೋಯ್ತು ಮೇಡಂ. ಉರುಳೆ ಹುಚ್ಚು ಹಿಡಿದ ಹಾಗೆ ಓಡ್ತು, ನಿಲ್ಲಿಸೋಕೆ ಅಂತ ಗಟ್ಟಿಯಾಗಿ ಒತ್ತಿದ್ರು. ಸುಟ್ಟ ಹಾಗೆ ಚರ್ಮ ಕಿತ್ತುಬಂದಿದೆ. ಕೈಗವಸು ಹಾಕೋಕಾಗಲ್ಲ, ವಾರ ಪೂರ್ತಿ ಕ್ಲಿನಿಕ್ ಬಂದ್. ತಪ್ಪು ನಂದೇ. ಸರಿಯಾಗಿ ಕಲಿಸೋಕೆ ನನಗೇ ಬರಲ್ಲ. ಇನ್ನು ಯಾರಿಗೂ ಹೇಳಿಕೊಡಲ್ಲ."

ಅಕ್ಕ ಸೂಜಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ತಂಗಿಯ ಮುಖ ನೋಡಿದಳು.

"ನಿಮ್ಮ ತಪ್ಪಲ್ಲ," ಎಂದಳು ಟೈಲರ್. "ರೀಲಿನ ಆ ತಿರುಪು ಸಡಿಲ ಮಾಡಿದ್ದು ನಾನು. ಬೇಕಂತಲೇ. ಎರಡು ಸಲ."

ಅವನು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಮೇಜಿನ ಮೇಲಿದ್ದ ರೀಲನ್ನು ಸಿಕ್ಕಿನ ಸಮೇತ ಎತ್ತಿಕೊಂಡು ರಸ್ತೆ ದಾಟಿ ಹೋದ.

ಮರುದಿನ ಬೆಳಿಗ್ಗೆ ಟೈಲರ್ ಕ್ಲಿನಿಕ್ಕಿನ ಮೇಲಿನ ಮನೆಯ ಬಾಗಿಲು ತಟ್ಟಿದಳು. ಡಾಕ್ಟರ್ ಎಡಗೈಯಲ್ಲಿ ಹಾಲಿನ ಪಾತ್ರೆ ಹಿಡಿದೇ ಬಾಗಿಲು ತೆರೆದಳು. ಬಲ ಹೆಬ್ಬೆರಳಿಗೆ ದಪ್ಪ ಬ್ಯಾಂಡೇಜು. ಹೊಸ್ತಿಲಲ್ಲೇ ನಿಂತು ಟೈಲರ್ ಎಲ್ಲ ಹೇಳಿದಳು, ಒಂದೂ ಬಿಡದೆ.

"ನನ್ನ ಕೈ ನನ್ನ ಹೊಟ್ಟೆಪಾಡು. ಗೊತ್ತಾ ನಿಮಗೆ?"

"ಗೊತ್ತು. ನನ್ನದೂ ಕೈ ಕೆಲಸಾನೇ. ಅದಕ್ಕೇ ರಾತ್ರಿ ನಿದ್ದೆ ಬರಲಿಲ್ಲ."

ಡಾಕ್ಟರ್ ಪಾತ್ರೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಇಂದು ಆ ಮುಖದಲ್ಲಿ ನಗು ಇರಲಿಲ್ಲ. ಹತ್ತಿರದಿಂದ ನೋಡಿದರೆ ಕಣ್ಣಿನ ಕೆಳಗೆ ದಣಿವಿತ್ತು. ಒಂಟಿಯಾಗಿ ಉಣ್ಣುವವರ ಮನೆ ಅದು. ಒಂದು ತಟ್ಟೆ, ಒಂದು ಲೋಟ.

"ನಾನೂ ಒಂದು ಹೇಳ್ತೀನಿ, ಕೇಳಿ," ಎಂದಳು. "ನಂಗೂ ಅವರು ಇಷ್ಟ. ಹೋದ ತಿಂಗಳು ಬಾಯಿ ಬಿಟ್ಟು ಹೇಳಿಯೂಬಿಟ್ಟೆ. 'ಬೇಜಾರು ಮಾಡ್ಕೋಬೇಡಿ ಡಾಕ್ಟರ್, ನನ್ನ ಮನಸ್ಸು ಎದುರಂಗಡೀಲಿದೆ' ಅಂದ್ರು. ಆವತ್ತಿಂದ ನಿಮ್ಮ ಅಂಗಡಿ ಮುಂದೆ ಹೋಗುವಾಗ ನನಗೆ ಮೈಯೆಲ್ಲ ಉರಿಯೋದು. ನಿಮ್ಮನ್ನ ನೋಡಬಾರದು ಅಂತ ಫುಟ್‌ಪಾತ್ ಬದಲಾಯಿಸ್ತಿದ್ದೆ."

ಟೈಲರ್ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಇಷ್ಟು ದಿನ ತಾನೊಬ್ಬಳೇ ಉರಿದುಕೊಂಡಿದ್ದೆ ಎಂದು ತಿಳಿದಿದ್ದಳು.

"ಕ್ಷಮಿಸೋದು ಆಮೇಲೆ ನೋಡೋಣ," ಎಂದಳು ಡಾಕ್ಟರ್. "ಭಾನುವಾರ ಕೆರೆ ಹತ್ರ ಬನ್ನಿ. ಅದೇ ರೀಲಲ್ಲಿ, ಅವರ ಎದುರಿಗೇ, ನೀವು ಎಸೀಬೇಕು. ಎಷ್ಟು ಕಷ್ಟ ಅಂತ ಗೊತ್ತಾಗಲಿ."

ಭಾನುವಾರ ಬಿಸಿಲು ತೆಳ್ಳಗಿತ್ತು, ಗಾಳಿ ಇರಲಿಲ್ಲ. ಡಾಕ್ಟರ್ ಹೇಳಿದ್ದರಿಂದ ಅವನು ಬಂದಿದ್ದ. ಆದರೆ ದೋಣಿಗಟ್ಟೆಯ ಮೆಟ್ಟಿಲ ಮೇಲೆ ಬೆನ್ನು ತಿರುಗಿಸಿ ಕೂತಿದ್ದ. ಡಾಕ್ಟರ್ ಅದೇ ರೀಲು ಸಿಕ್ಕಿಸಿದ ತನ್ನ ಗಾಳದ ರಾಡನ್ನು ಟೈಲರ್ ಕೈಗೆ ಕೊಟ್ಟಳು. ಎಡಗೈಗೆ ಒಂದು ಹಳೇ ಬಿದಿರಿನ ಗಾಳದ ಕೋಲು ತೆಗೆದುಕೊಂಡು, "ನಾನು ಆ ಕಡೆ ಇರ್ತೀನಿ," ಎಂದು ಜೊಂಡಿನ ಆಚೆಗೆ ನಡೆದಳು. ತಿರುಗಿ ನೋಡಲಿಲ್ಲ.

ಮೊದಲ ಎಸೆತಕ್ಕೆ ಗಾಳ ಕಾಲಬುಡದಲ್ಲೇ ಬಿತ್ತು, ಉರುಳೆ ಮಾತ್ರ ಊರು ಸುತ್ತಿ ಬಂತು. ಅವಳು ನೆಲದಲ್ಲಿ ಕೂತು ಸಿಕ್ಕು ಬಿಡಿಸಿದಳು. ಎರಡನೆಯದಕ್ಕೂ ಅದೇ. ಮೂರನೆಯದಕ್ಕೆ ಗಾಳ ನೇರ ಮೇಲಕ್ಕೆ ಹೋಗಿ ಅವಳ ಹಿಂದೆಯೇ ಬಿತ್ತು. ಅವಳು ಮತ್ತೆ ಕೂತಳು, ಬಿಡಿಸಿದಳು, ಎದ್ದಳು. ಯಾರನ್ನೂ ಕರೆಯಲಿಲ್ಲ. ಐದನೇ ಸಲ ಉರುಳೆ ಗಿರ್ರೆಂದಾಗ ಮೆಟ್ಟಿಲಿನಿಂದ ಕೂಗು ಬಂತು.

"ಹೆಬ್ಬೆರಳು! ಗಾಳ ನೀರು ಮುಟ್ಟೋಕೆ ಮುಂಚೆ ಹೆಬ್ಬೆರಳು ಇಡ್ಬೇಕು!"

ತಡೆದುಕೊಳ್ಳಲಾಗದೆ ಎದ್ದು ಬಂದ. ಅವಳ ಕೈಯಿಂದ ರಾಡು ತೆಗೆದುಕೊಂಡು ರೀಲಿನ ಬದಿಯ ತಿರುಪನ್ನು ಬಿಗಿ ಮಾಡಿದ. ಗಾಳ ತನ್ನ ಭಾರಕ್ಕೆ ತಾನೇ ಮೆಲ್ಲಗೆ ಇಳಿದು, ನೆಲ ತಾಗಿದೊಡನೆ ಉರುಳೆ ನಿಲ್ಲುವವರೆಗೆ ಹದ ನೋಡಿದ.

"ಯಾಕೆ ಮಾಡಿದ್ರಿ?" ಎಂದ, ತಿರುಪನ್ನೇ ನೋಡುತ್ತ.

"ನೀವು ಬರ್ಲಿ ಅಂತ."

"ಸಿಕ್ಕು ಇಲ್ಲದಿದ್ರೆ ನಾನು ಬರೋಕಾಗಲ್ವಾ?"

"ಬಂದಿದ್ರಾ? ಎರಡು ವರ್ಷದಲ್ಲಿ ಒಂದು ದಿನ ಸುಮ್ನೆ ಬಂದಿದ್ರಾ?"

ಅವನ ಕಿವಿಯ ತುದಿ ಕೆಂಪಾಯಿತು. "ಇಲ್ಲ," ಎಂದ. "ಸುಮ್ನೆ ಬಂದ್ರೆ ಯಾಕೆ ಬಂದೆ ಅಂತ ಕೇಳ್ತೀರಿ. ಏನು ಹೇಳೋದು ಅಂತ ಭಯ. ಡಾಕ್ಟರ ಮುಂದೆ ಹೇಳೋಕೆ ಬಂತು ನೋಡಿ, ನಿಮ್ಮ ಮುಂದೆ ಬರಲಿಲ್ಲ."

"ಈಗ ಹೇಳಿ."

"ಮೊದಲು ಎಸೀರಿ," ಎಂದು ಅವನು ರಾಡನ್ನು ಅವಳ ಕೈಗೆ ಮರಳಿಸಿದ.

"ಮೊದಲು ಹೇಳಿ!"

"ನಿನ್ನ ಅಂಗಡೀಲಿ ಕೂತಾಗ ನನಗೆ ಎದ್ದು ಹೋಗೋಕೆ ಮನಸ್ಸಾಗಲ್ಲ," ಎಂದ ಅವನು. "ಇನ್ನು ಮೇಲೆ ಎದ್ದು ಹೋಗದ ಹಾಗೆ ಏನಾದ್ರೂ ಮಾಡು."

ನೀವು ಎಂಬುದು ನೀನು ಆಗಿದ್ದು ಅವನಿಗೇ ಗೊತ್ತಾಗಲಿಲ್ಲ. ಅವಳಿಗೆ ಗೊತ್ತಾಯಿತು. ರಾಡನ್ನು ಹೆಗಲ ಮೇಲಿಂದ ಬೀಸಿದಳು. ಅವನ ಹೆಬ್ಬೆರಳು ಅವಳ ಹೆಬ್ಬೆರಳಿನ ಮೇಲೆ ಹಗುರವಾಗಿ ಕೂತಿತ್ತು. ದಾರ ಸುಯ್ಯೆಂದು ಹೊರಟಿತು, ನೀರಿನ ಮೇಲೆ ಉದ್ದಕ್ಕೆ ಹರಡಿತು. ಗಾಳ ಇಳಿಯುವ ಗಳಿಗೆಗೆ ಸರಿಯಾಗಿ ಎರಡೂ ಬೆರಳು ಒಟ್ಟಿಗೆ ಒತ್ತಿದವು. ದೂರದಲ್ಲೊಂದು ಸಣ್ಣ ಉಂಗುರ ಎದ್ದಿತು. ಸಿಕ್ಕು ಇಲ್ಲ. ಒಂದು ಎಳೆಯೂ ಸಿಕ್ಕಾಗಿಲ್ಲ.

ಜೊಂಡಿನ ಆಚೆಯಿಂದ ಡಾಕ್ಟರ ಜೋರು ನಗು ಕೇಳಿಸಿತು. ಎಡಗೈಯಲ್ಲೇ ಒಂದು ಮೀನು ಹಿಡಿದಿದ್ದಳು. ಅವನ ತಲೆ ಆ ಕಡೆ ಹೊರಳಿತು.

"ಈ ಕಡೆ ನೋಡು," ಎಂದಳು ಟೈಲರ್. "ಇನ್ನು ಯಾರಿಗೇ ಪಾಠ ಹೇಳಿದ್ರೂ ಬೆರಳು ಮುಟ್ಟಿ ಹೇಳೋ ಹಾಗಿಲ್ಲ."

"ಬರೀ ಬಾಯಲ್ಲಿ ಹೇಳಿದ್ರೆ ಈ ವಿದ್ಯೆ ಯಾರಿಗೂ ಅರ್ಥ ಆಗಲ್ಲ ಕಣೇ."

"ಅರ್ಥ ಆಗೋವರೆಗೂ ಹೇಳು," ಎಂದು ಅವಳು ದಾರ ಸುತ್ತತೊಡಗಿದಳು.