ಎಂಜಿನ್ನಿಗೆ ಹದಿನೈದು ಡಿಗ್ರಿ

ಹೊರಗೆ ಐವತ್ತೊಂದು ಡಿಗ್ರಿ ಬಿಸಿಲು. ಸೇಡಂನಿಂದ ಕಲಬುರಗಿಗೆ ಹೊರಟ ಮಧ್ಯಾಹ್ನದ ಬಸ್ಸಿನ ಮೂತಿಯಲ್ಲಿದ್ದ ಶೀತಶ್ವಾಸಕವೆಂಬ ಪೆಟ್ಟಿಗೆ ಕಾದ ಗಾಳಿಯನ್ನು ಎಳೆದು, ಹದಿನೈದು ಡಿಗ್ರಿಗೆ ತಣಿಸಿ, ಪ್ರಯಾಣಿಕರ ಕಾಲಡಿಯ ಕೊಳವೆಯ ಮೂಲಕ ಹಿಂಬದಿಯ ಎಂಜಿನ್ನಿಗೆ ನೂಕುತ್ತಿತ್ತು. ಬಿಸಿಗಾಳಿ ತೆಳು, ಅದರಲ್ಲಿ ಆಮ್ಲಜನಕ ಕಡಿಮೆ, ಎಂಜಿನ್ ಏದುಸಿರು ಬಿಡುತ್ತದೆ. ತಂಪುಗಾಳಿ ದಟ್ಟ, ಅದು ಸಿಕ್ಕರೆ ಚಿಕ್ಕ ಎಂಜಿನ್ನೂ ಏರು ಹತ್ತುತ್ತದೆ. ಜನರಿಗೆ ತಂಪು ಕೊಟ್ಟರೆ ಖರ್ಚು, ಎಂಜಿನ್ನಿಗೆ ಕೊಟ್ಟರೆ ಉಳಿತಾಯ. ಸಾರಿಗೆ ಕಂಪನಿಯ ಮಹಾಶಯರು ಯಾವುದನ್ನು ಆರಿಸಿಕೊಂಡರೆಂದು ಬೇರೆ ಹೇಳಬೇಕೆ?

ಪೆಟ್ಟಿಗೆಯನ್ನು ಕಂಡುಹಿಡಿದ ಡಾ. ವಾದಿರಾಜ ಪುರಾಣಿಕರು ಅಂದು ಮುಂದಿನ ಸೀಟಿನಲ್ಲೇ ಇದ್ದರು. ಇದೊಂದು ಬಸ್ಸು ಅವರ ತಲೆ ಕೆಡಿಸಿತ್ತು: ಸಮತಟ್ಟು ರಸ್ತೆಯಲ್ಲಿ ಎಂಜಿನ್ ಸೊರಗುತ್ತಿತ್ತು, ಏರು ಬಂದ ಕೂಡಲೇ ಚೇತರಿಸಿಕೊಳ್ಳುತ್ತಿತ್ತು! ಚಾಲಕಿ ಜಗದೇವಿ ಏನೋ ಕಿತಾಪತಿ ಮಾಡಿದ್ದಾಳೆಂದು ಕಂಪನಿಯ ಗುಮಾನಿ. ಪುರಾಣಿಕರ ವರದಿ ಹೌದೆಂದರೆ ಅವಳ ಕೆಲಸ ಹೋದಂತೆಯೇ.

ಊರು ದಾಟಿದ್ದೇ ತಡ, ಜಗದೇವಿ ಕೂಗಿದಳು: "ಸಾಹೇಬ್ರು ಕೂತಾರಂತ ಯಾರೂ ಅಂಜಬ್ಯಾಡ್ರಿ. ತೆಗೀರಿ!"

ಮುದುಕನೊಬ್ಬ ಕೊಳವೆಯವರೆಗೆ ಕೊರೆದಿದ್ದ ನೆಲದ ತೂತಿಗೆ ತುರುಕಿದ್ದ ಬಟ್ಟೆಯುಂಡೆ ಕಿತ್ತ. ತಂಪುಗಾಳಿ ಭುಸ್ಸೆಂದಿತು. ಜನ ಪಾಳಿ ಹಚ್ಚಿದರು: ಮೊದಲು ಬಸುರಿಯರು, ಕೂಸುಗಳು, ಆಮೇಲೆ ವಯಸ್ಸಾದವರು. ನೂರು ಎಣಿಸುವವರೆಗೆ ಮುಖವೊಡ್ಡಿ, ಮುಂದಿನವರಿಗೆ ಜಾಗ ಬಿಡುವುದು. ಕಾಗಿಣಾ ನದಿ ದಾಟಿ ಏರು ಬಂದಾಗ ಜಗದೇವಿ ಎರಡು ಸಲ ಹಾರ್ನ್ ಹೊಡೆದಳು. ಮುದುಕ ತೂತು ಮುಚ್ಚಿದ. ಪುರಾಣಿಕರ ಒಗಟು ಅಲ್ಲಿಗೆ ಒಡೆಯಿತು.

ಕಲಬುರಗಿಯಲ್ಲಿ ಜನ ಇಳಿದ ಮೇಲೆ ಪುರಾಣಿಕರು ಸಿಡುಕಿದರು. "ಎಂಜಿನ್ ಹಾಳಾಗುತ್ತದಮ್ಮಾ! ಕೊರತೆ ತುಂಬಿಕೊಳ್ಳಲು ಅದು ಹೊರಗಿನ ಬಿಸಿಗಾಳಿ ಎಳೆದುಕೊಳ್ಳುತ್ತದೆ."

"ಎಂಜಿನ್ ಹಾಳಾಗ್ತದ!" ಜಗದೇವಿಯ ಮೈಯೆಲ್ಲ ಉರಿದುಹೋಯಿತು. "ಹೋದ ಏಪ್ರಿಲ್‌ನಾಗ ಕಲ್ಲು ಒಡಿಯೋ ಮೌಲಾಲಿ ಇದಾ ಬಸ್ಸಿನಾಗ ಬಿಸಿಲು ಬಡದು ಸತ್ತಾನ್ರಿ. ನನ್ನ ಬೆನ್ನ ಹಿಂದಾ ಸತ್ತ. ಗಾಡಿ ನಿಲ್ಲಿಸಿ ನೀರು ಕುಡಿಸೂದ್ರಾಗ ಹೋಗಿಬಿಟ್ಟ. ಆ ಹೊತ್ತಿನಾಗ ನಿಮ್ಮ ಎಂಜಿನ್ ಎಷ್ಟು ಡಿಗ್ರಿ ಗಾಳಿ ಕುಡೀಲಕತ್ತಿತ್ತು? ತೆಗೀರಿ ನಿಮ್ಮ ದಾಖಲೆ, ನೋಡಿ ಹೇಳ್ರಿ!"

ಪುರಾಣಿಕರು ಪೆಟ್ಟಿಗೆಯ ಆ ದಿನದ ತಾಪಮಾನದ ದಾಖಲೆ ತೆಗೆದರು. ಅವರಿಗೆ ತಲೆಯೆತ್ತಲಾಗಲಿಲ್ಲ. "ಹದಿನೈದು," ಎಂದರು.

"ಅದನ್ನಾ ಬರೀರಿ. ತೂತು ನಾನಾ ಕೊರದೀನಿ ಅಂತ ಬರೀರಿ, ಯಾಕ ಕೊರದೆ ಅಂತ್ಲೂ ಬರೀರಿ. ಮೌಲಾಲಿ ಹೆಸರು ಬರೀರಿ. ನೌಕರಿ ಹೋದ್ರ ಹೋಗ್ಲಿ, ಮಣ್ಣಾಗ ಹೋಗ್ಲಿ!"

ಪುರಾಣಿಕರು ಕೆಟ್ಟವರಲ್ಲ. ಒಳ್ಳೆಯವರೇ, ತೊಂದರೆ ಬಂದದ್ದೇ ಅಲ್ಲಿ. ಪಾಪದ ಹೆಂಗಸಿನ ಅನ್ನ ಕೀಳಬಾರದೆಂದು ಅವರು ವರದಿಯಲ್ಲಿ ಬರೆದರು: ಶೀತಶ್ವಾಸಕವು ತೀವ್ರ ಬಿಸಿಲಿನಲ್ಲಿ ತಾನಾಗಿಯೇ ಕೈಕೊಡುತ್ತಿದೆ, ಚಾಲಕಿಯದೇನೂ ತಪ್ಪಿಲ್ಲ. ಹನ್ನೆರಡು ವರ್ಷದ ದುಡಿಮೆಗೆ ತಾವೇ ಮಸಿ ಬಳಿದು, ದೊಡ್ಡ ಪುಣ್ಯ ಕಟ್ಟಿಕೊಂಡವರಂತೆ ನೆಮ್ಮದಿಯಿಂದ ಊಟ ಮಾಡಿದರು.

ಕಂಪನಿ ವರದಿಯನ್ನು ಅಕ್ಷರಶಃ ನಂಬಿತು. ಕೈಕೊಡುವ ಯಂತ್ರ ಯಾರಿಗೆ ಬೇಕು? ತಿಂಗಳೊಳಗೆ ಎಲ್ಲ ಬಸ್ಸುಗಳಿಂದಲೂ ಪೆಟ್ಟಿಗೆ, ಕೊಳವೆ ಕಿತ್ತುಹಾಕಿ, ಬಿಸಿಗಾಳಿಯಲ್ಲೇ ಏರು ಹತ್ತಬಲ್ಲ ದೊಡ್ಡ ಎಂಜಿನ್ ಕೂರಿಸಿತು. ಹೊಸ ಎಂಜಿನ್ನಿನ ಕಾವೂ ಈಗ ನೆಲದಿಂದ ಮೇಲೇರುತ್ತಿತ್ತು.

ಜಗದೇವಿ ಫೋನ್ ಮಾಡಿದಳು. "ಸುಳ್ಳು ಬರೀರಿ ಅಂತ ನಿಮಗ ಯಾರು ಅಂದಿದ್ರು?"

"ನಿಮ್ಮ ಕೆಲಸ ಉಳಿಯಲಿ ಅಂತ..."

"ನೌಕರಿ ಬಿಡ್ಲಾಕ ನಾ ತಯಾರಿದ್ದೆ! ನನಗ ಒಂದು ಮಾತು ಕೇಳಿದ್ರೇನು? ಮೌಲಾಲಿ ಹೆಸರು ಎಲ್ಲದ ನಿಮ್ಮ ಕಾಗದದಾಗ? ಇದ್ದೊಂದು ತಂಪನ್ನೂ ಕಸಗೊಂಡು, ಉಪಕಾರ ಮಾಡೀನಂತ ಕೂತೀರಿ!"

"ಈಗ ನಿಜ ಬರೆಯುತ್ತೇನೆ, ಜಗದೇವಿ."

"ಯಾರು ನಂಬ್ತಾರ? ನಿಮ್ಮ ಪೆಟ್ಟಿಗಿ ಕೆಟ್ಟದ್ದಂತ ನೀವಾ ಬರದೀರಿ." ಅವಳ ಹಿಂದೆ ಜನ ಬಸ್ಸು ಹತ್ತುವ ಗದ್ದಲ ಕೇಳುತ್ತಿತ್ತು. "ಅರವತ್ತು ಮಂದಿ ಹತ್ಯಾರ. ಎಲ್ಲಾರೂ ಜೀವಂತ ಇಳೀತಾರಂತ ಒಂದು ವರದಿ ಬರದು ಕೊಡ್ರಿ, ನೋಡೂನು."

ಪುರಾಣಿಕರು ಕಾಗದ ಎಳೆದುಕೊಳ್ಳುವಷ್ಟರಲ್ಲಿ ಬಸ್ಸು ಹೊರಟಿತ್ತು.