ಏಳಡಿಯ ಮರ

೧೯೪೬ರ ಫೆಬ್ರುವರಿ ೧೮, ಸೋಮವಾರ. ಬೆಳಿಗ್ಗೆ ಹತ್ತೂವರೆಗೆ ಕುಮಟಾ ಠಾಣೆಗೆ ಬಂದ ಫಿರ್ಯಾದು ಇಷ್ಟು: ಯಾಣದ ಹತ್ತಿರದ ಸರಕಾರಿ ಕಾಡಿನಲ್ಲಿ ನಲವತ್ತಮೂರು ಮರಗಳು ಕಳುವಾಗಿವೆ. ತಂದವರು ಅರಣ್ಯ ಖಾತೆಯ ರೇಂಜರ್ ಸಬನೀಸರು, ಬೆಳಗಾವಿ ಕಡೆಯವರು.

ಫೌಜದಾರ ಲಿಂಗಪ್ಪ ಎಫ್‌ಐಆರ್ ಬರೆಯಲು ಕೂತು ಕೇಳಿದರು.

"ನಲವತ್ತಮೂರೇ ಅಂತ ಹೇಗೆ ಹೇಳ್ತೀರಿ? ಕಾಡಿನ ಮರ ಎಣಿಸಿದವರು ಯಾರು?"

"ನಾವೇ. ಇಡೀ ದೇಶದ ಕಾಡಿನ ಎಣಿಕೆ ನಡೆದಿದೆ."

ಯುದ್ಧ ತಿಂದು ಉಳಿಸಿದ ಮರ ಎಷ್ಟು ಎಂದು ಸರಕಾರಕ್ಕೆ ಗೊತ್ತಾಗಬೇಕಿತ್ತು. ಎಲ್ಲ ಕಾಡನ್ನೂ ಎಣಿಸಿ ಮುಗಿಯುವುದಿಲ್ಲ. ದಿಲ್ಲಿಯಲ್ಲಿ ನಕ್ಷೆಯ ಮೇಲೆ ಅಡ್ಡ, ಉದ್ದ ಗೆರೆ ಎಳೆದರು. ಗೆರೆಗಳು ಕೂಡಿದಲ್ಲೆಲ್ಲ ನಾಲ್ಕು ಎಕರೆಯ ಒಂದು ತುಣುಕು. ಅದರೊಳಗಿನ ಒಂದೊಂದು ಮರಕ್ಕೂ ಎದೆಮಟ್ಟದಲ್ಲಿ ಪಟ್ಟಿ ಸುತ್ತಿ ಅಳೆಯುವುದು, ಆ ಲೆಕ್ಕದ ಮೇಲೆ ದೇಶದ ಕಾಡನ್ನು ಅಂದಾಜು ಮಾಡುವುದು. ಯಾಣದ ಹದಿನಾಲ್ಕನೆಯ ತುಣುಕಿನಲ್ಲಿ ಕಳೆದ ನವೆಂಬರಿನಲ್ಲಿ ಇನ್ನೂರಹನ್ನೆರಡು ಮರ ಸಿಕ್ಕಿದ್ದವು.

"ಮೊನ್ನೆ ವಿಮಾನದ ಫೋಟೋ ಬಂತು, ನೋಡಿ," ಎಂದು ಸಬನೀಸರು ಎರಡು ಫೋಟೋಗಳನ್ನು ಮೇಜಿನ ಮೇಲೆ ಜೋಡಿಸಿ, ಕಾಲುಗಳಿದ್ದ ಜೋಡಿ ಕನ್ನಡಕವೊಂದನ್ನು ಮೇಲೆ ನಿಲ್ಲಿಸಿದರು.

ಲಿಂಗಪ್ಪ ಬಗ್ಗಿದರು. ಮೊದಲು ಬೂದು ಕಲೆಗಳಷ್ಟೇ. ಕಣ್ಣು ಹೊಂದಿದೊಡನೆ ಕಾಡು ಧಡಕ್ಕನೆ ಎದ್ದು ನಿಂತಿತು. ಯಾಣದ ಕಪ್ಪು ಬಂಡೆ ಮೂಗಿಗೆ ತಾಗುವಂತೆ ಮೇಲೆ ಬಂತು. ಬೆರಳಿನಿಂದ ಮರ ಹೆಕ್ಕಬಹುದಿತ್ತು. ಅಜ್ಜಿ ಹೇಳುತ್ತಿದ್ದ ಕತೆಯ ಗರುಡನಿಗೆ ನೆಲ ಹೀಗೇ ಕಂಡಿರಬೇಕು. ತುಣುಕಿನ ಮೂಡಣ ಮೂಲೆಯಲ್ಲಿ ಮಾತ್ರ ಏನೂ ಏಳಲಿಲ್ಲ.

"ಅಲ್ಲಿದ್ದವು ಆ ನಲವತ್ತಮೂರು. ಆ ಕಡೆ ದಿಮ್ಮಿ ಸಾಗಿಸುವ ಗಾಡಿಕಾರ ಹೊನ್ನನ ಮೇಲೆ ಗುಮಾನಿ, ಅವನನ್ನ ನಮ್ಮ ಚೌಕಿಯಲ್ಲಿ ಕೂರಿಸಿದ್ದೇನೆ."

"ಕೂಡಿ ಹಾಕಿದ್ದೀರೋ?"

"ಕೂರಿಸಿದ್ದೇನೆ," ಎಂದರು ಸಬನೀಸರು.

ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ ಸ್ಥಳ ಪಂಚನಾಮೆ. ದಾರಿ ತೋರಿಸಿದವನು ಅರಣ್ಯ ಗಾರ್ಡ್ ಮಾಸ್ತಿ, ಮೂವತ್ತೈದರ ಬಡಕಲು ಆಸಾಮಿ, ದಾರಿಯುದ್ದಕ್ಕೂ ಕೆಮ್ಮುತ್ತಿದ್ದ. ಡಾಂಬರಿನ ನಂಬರು ಹೊತ್ತ ಮರಗಳು ನೂರರವತ್ತೊಂಬತ್ತರವರೆಗೆ ಸರಿಯಾಗಿ ನಿಂತಿದ್ದವು. ಆಮೇಲೆ ಬಯಲು. ಬುಡವಿಲ್ಲ, ಗರಗಸದ ಹುಡಿಯಿಲ್ಲ, ದಿಮ್ಮಿ ಎಳೆದ ಗುರುತಿಲ್ಲ.

"ಕಳ್ಳ ಬುಡಾನೂ ಕಿಸೆಲಿ ಹಾಕ್ಕಂಡ್ ಹೋದ್ನಾ ಎಂತದು?" ಎಂದ ಪೋಲೀಸ ದುರ್ಗ.

ಬಯಲಿನಲ್ಲಿ ರಾಗಿಯ ಕೂಳೆ. ಆಚೆ ಒಂದು ಹುಲ್ಲಿನ ಬಿಡಾರ. ಹೊರಗೆ ಬಂದ ಹೆಂಗಸು ತನ್ನ ಹೆಸರು ಗಣಪಿ ಎಂದಳು.

"ಇಲ್ಲಿ ಮರ ಇತ್ತಾ?"

"ನಾ ಬಂದಾಗಿಂದ ಇಲ್ಲ ಒಡೆಯಾ. ಯಾವ ಕಾಲದಲ್ಲೋ ಸುಟ್ಟು ರಾಗಿ ಹಾಕಿ ಬಿಟ್ಟ ಜಾಗ."

"ಗಂಡ?"

"ಯುದ್ಧದ ರಸ್ತೆ ಕೆಲ್ಸಕ್ಕೆ ಹೋದವ. ಕಾಗ್ದ ಬಂತು, ಅವ ಬರ್ಲಿಲ್ಲ. ಅವ್ನ ಮನೆಯವ್ರು ನನ್ನ ಹೊರಗೆ ಹಾಕಿದ್ರು."

"ಇದು ಸರಕಾರಿ ಕಾಡು. ರಾಗಿ ಬೆಳೆಯೂ ಹಾಗಿಲ್ಲ, ಗೊತ್ತುಂಟಾ?"

"ಗೊತ್ತುಂಟು. ಇದ್ ಬಿಟ್ಟು ಎಲ್ಲಿಗೆ ಹೋಗೂದು ಹೇಳಿ, ಹೋಗ್ತೆ."

ಅವಳು ಎಲ್ಲರಿಗೂ ತಣ್ಣೀರು ಕೊಟ್ಟಳು. ಮಾಸ್ತಿಗೆ ಮಾತ್ರ ಬಿಸಿನೀರು, ಅವನು ಕೇಳಿರಲಿಲ್ಲ. ಲಿಂಗಪ್ಪ ಅದನ್ನು ನೋಡಿದರು, ಬರೆದುಕೊಳ್ಳಲಿಲ್ಲ.

ಸಂಜೆ ಐದಕ್ಕೆ ಅರಣ್ಯ ಚೌಕಿಯಲ್ಲಿ ಅವರು ಫೋಟೋದ ಅಂಚನ್ನು ಬೆಳಕಿಗೆ ಹಿಡಿದರು. ಸಣ್ಣ ಬಿಳಿ ಅಂಕಿಗಳು: ೨೨-೩-೧೯೪೫.

"ಸಬನೀಸರೇ, ವಿಮಾನ ಹಾರಿದ್ದು ಹೋದ ವರ್ಷ ಮಾರ್ಚಿನಲ್ಲಿ. ನಿಮ್ಮ ಎಣಿಕೆ ನವೆಂಬರಿನಲ್ಲಿ. ಎಂಟು ತಿಂಗಳಲ್ಲಿ ಹುಟ್ಟಿ ಒಂಬತ್ತಡಿ ಸುತ್ತಾಗುವ ಮರ ಯಾವುದು?"

ರೇಂಜರ್ ಫೋಟೋ ತೆಗೆದುಕೊಂಡು ಆ ಅಂಕಿಗಳನ್ನು ತಾವೇ ಓದಿದರು. ಮರಗಳು ಕಳುವಾಗಿರಲಿಲ್ಲ. ಇರಲೇ ಇಲ್ಲ.

ಹೊನ್ನನನ್ನು ಬಿಟ್ಟರು. ಅವನು ಮುಂಡಾಸು ಕೊಡವಿದ. "ನಾಕು ದಿನ ಕೂತೆ ಸಾಯ್ಬ್ರೆ. ಇಲ್ದಿದ್ದ ಮರ ಎಳೂಕೆ ನನ್ ಎತ್ತಿಗೂ ಬರೂದಿಲ್ಲ, ಕೇಳಿದ್ರೆ ಮೊದ್ಲೇ ಹೇಳ್ತಿದ್ದೆ."

ಎಣಿಕೆಯ ಪುಸ್ತಕ ಗುಮಾಸ್ತನ ಅಕ್ಷರದಲ್ಲಿತ್ತು. ಆಗ ಅವನಿಗೆ ಚಳಿಜ್ವರ. ದೂರದ ಒಂದು ಮರದ ಕೆಳಗೆ ಕಂಬಳಿ ಹೊದ್ದು ಕೂತು, ಮಾಸ್ತಿಯೂ ಸೇರಿ ಮೂವರು ಗಾರ್ಡುಗಳು ಸರದಿಯಂತೆ ಕೂಗಿದ ಅಳತೆಗಳನ್ನು ಬರೆದಿದ್ದ. ಕಡೆಯ ನಲವತ್ತಮೂರನ್ನು ಕೂಗಿದವನು ಯಾರು? ಅವನಿಗೆ ನೆನಪಿರಲಿಲ್ಲ.

ಲಿಂಗಪ್ಪ ಲಾಟೀನಿನ ಬೆಳಕಿನಲ್ಲಿ ಪುಟಗಳನ್ನು ಓದಿದರು. ಮೊದಲಿನ ನೂರರವತ್ತೊಂಬತ್ತರಲ್ಲಿ ಏಳಡಿ ಸುತ್ತಿನ ಮರಗಳು ಮೂವತ್ತೊಂದು. ಕಡೆಯ ನಲವತ್ತಮೂರರಲ್ಲಿ ಐದು, ಆರು, ಎಂಟು, ಒಂಬತ್ತು, ಮತ್ತೆ ಆರು. ಏಳು ಒಂದೂ ಇಲ್ಲ.

ತಮ್ಮೂರು ಹೆಬಳೆಯ ಮನೆಯಲ್ಲಿ ಅಜ್ಜಿ ಅಕ್ಕಿ ಅಳೆಯುತ್ತಿದ್ದುದು ನೆನಪಾಯಿತು. ಒಂದು ಎನ್ನುತ್ತಿರಲಿಲ್ಲ, ಲಾಭ ಎನ್ನುತ್ತಿದ್ದಳು. ಆರಾದ ಮೇಲೆ 'ಮತ್ತೊಂದು'. ಬಾಳುವ ಮನೆಯೊಳಗೆ ಏಳು ಎನ್ನಬಾರದು. ಕೂತ ಲಕ್ಷ್ಮಿ ತನಗೇ ಹೇಳಿದರೆಂದು ಎದ್ದು ನಡೆದುಬಿಡುತ್ತಾಳೆ.

"ಉಳಿದಿಬ್ಬರು ಗಾರ್ಡುಗಳು ಯಾವ ಊರವರು?"

"ಸಾತಾರೆಯವರು. ಮರಾಠಿಯಲ್ಲೇ ಕೂಗೋದು," ಎಂದರು ಸಬನೀಸರು.

ಏಳಕ್ಕೆ ಅವರು ಅನ್ನುವ ಸಾತ್ ಬರಿಯ ಅಂಕಿ. ಅದಕ್ಕೆ ಯಾವ ಲಕ್ಷ್ಮಿಯೂ ಏಳುವುದಿಲ್ಲ.

ಫೆಬ್ರುವರಿ ೨೦, ಬೆಳಿಗ್ಗೆ ಒಂಬತ್ತು. ಬಿಡಾರದ ಹೊಸ್ತಿಲ ಹೊರಗೆ ಮಾಸ್ತಿ ಕುಕ್ಕರಗಾಲಲ್ಲಿ ಕೂತಿದ್ದ. ಗಣಪಿ ಒಳಗೆ ಒಲೆಯ ಮುಂದೆ.

"ಅವಳು ನಿಂಗೆ ಎಂತ ಆಗಬೇಕು?"

"ಎಂತಾ ಇಲ್ಲ ಸಾಯ್ಬ್ರೆ."

"ಇಲ್ಲಿ ನಲವತ್ತಮೂರು ಮರ ಕೂಗಿದ್ದೀ. ಏಳಡಿದು ಒಂದೂ ಇಲ್ಲ. ಎಂತಕ್ಕೆ?"

ಮಾಸ್ತಿ ಕೆಮ್ಮಿದ. ಸುಮಾರು ಹೊತ್ತು ಕೆಮ್ಮಿದ.

"ಬಾಯಿಗೆ ಬರ್ಲಿಲ್ಲ," ಎಂದ. "ಅವ್ಳ ಮನೆ ಎದ್ರಿಗೆ ನಿಂತ್ಕಂಡು ಆ ಮಾತು ಹೆಂಗೆ ಕೂಗೂದು? ತಂಗಿ ಸಾಯ್ಬ್ರೆ."

"ಬಯಲು ಅಂತ ಬರೆಸಬಹುದಿತ್ತು."

"ಬಯಲು ಅಂದ್ರೆ ನೋಡೂಕೆ ಬತ್ರು. ಬಂದ್ರೆ ಇವ್ಳ ಓಡಿಸ್ತ್ರು, ಓಡ್ಸೂ ಕೆಲ್ಸ ನಂದೇ. ಕಾಡು ಅಂದ್ರೆ ಯಾರೂ ಬರೂದಿಲ್ಲ ಅಂದ್ಕಂಡೆ. ಮೇಲಿಂದ ನೋಡ್ತ್ರು ಅಂತ ಯಾರಿಗ್ ಗೊತ್ತು? ದಿಲ್ಲಿಲಿ ಕೂತು ಗೆರೆ ಎಳ್ದ್ರು, ಅದು ಬಂದು ಬಿದ್ದದ್ದು ಇವ್ಳ ಒಲೆ ಮೇಲೆ."

"ಹೊನ್ನ ನಾಲ್ಕು ದಿನ ಒಳಗಿದ್ದ."

"ಆ ಚೌಕಿ ಬೀಗದಕೈ ನನ್ ಸೊಂಟದಲ್ಲೇ ಇತ್ತು ಸಾಯ್ಬ್ರೆ. ತೆಗ್ದ್ರೆ ಇವ್ಳು ಬೀದಿಗೆ. ತೆಗಿದಿದ್ರೆ ಅವ ಜೈಲಿಗೆ. ನಾಕು ದಿನಾನೂ ಅನ್ನ ಇಳಿಲಿಲ್ಲ."

ಲಿಂಗಪ್ಪ ಹೇಳಿಕೆ ಬರೆದು ಹೆಬ್ಬೆಟ್ಟು ಕೇಳಲಿಲ್ಲ. ಮಾಸ್ತಿಗೆ ಸಹಿ ಬರುತ್ತಿತ್ತು. ಕಳವಿನ ಕಲಂ ಹೊಡೆದು ಹಾಕಿ, ಸರಕಾರಿ ನೌಕರ ಸುಳ್ಳು ದಾಖಲೆ ಮಾಡಿದ ಕಲಂ ೨೧೮ ಹಾಕಿದರು. ಇನ್ನು ಕರೆದೊಯ್ಯಬೇಕು. ದುರ್ಗ ಬೇಡಿ ಹಿಡಿದು ಮುಂದೆ ಬಂದ.

"ಏ, ಏಳ—"

ಲಿಂಗಪ್ಪ ಕೈ ಎತ್ತಿದರು. ದುರ್ಗನ ಬಾಯಲ್ಲಿ ಮಾತು ನಿಂತಿತು.

"ಹೋಗುವ ಮಾರಾಯ, ಬಾ," ಎಂದರು ಲಿಂಗಪ್ಪ.

ಮಾಸ್ತಿ ಕದಲಲಿಲ್ಲ. ಅವನ ಕಣ್ಣು ಹೊಸ್ತಿಲ ಮೇಲಿತ್ತು. ಒಳಗೆ ಬೆಂಕಿಗೆ ನೀರು ಚೆಲ್ಲಿದ ಸದ್ದು ಕೇಳಿಸಿತು. ಗಣಪಿ ಒಂದು ಗಡಿಗೆ, ಒಂದು ಕಂಬಳಿ ಕಂಕುಳಿಗೆ ಇಟ್ಟುಕೊಂಡು ಹೊರಗೆ ಬಂದಳು.

"ಏಳಣ್ಣ," ಎಂದಳು. "ನಾ ಎದ್ದಾತು."

ಅವನು ಎದ್ದ.

ಆ ದಿನದ ಡೈರಿಯಲ್ಲಿ ಲಿಂಗಪ್ಪ ಬಂಧನದ ಸಮಯ ಹತ್ತು ಗಂಟೆ ಹದಿನೈದು ನಿಮಿಷ ಎಂದು ಬರೆದರು. ಕೆಳಗೆ, ಯಾರೂ ಕೇಳದ ಮೂರು ಸಾಲು: ಆರೋಪಿ ಸ್ವಂತಕ್ಕೆ ಒಂದು ಕಡ್ಡಿಯನ್ನೂ ಒಯ್ದಿಲ್ಲ. ಇದ್ದ ಮರ ಕಡಿದವನಲ್ಲ, ಇಲ್ಲದ ಮರ ನಿಲ್ಲಿಸಿದವನು. ಅವುಗಳ ಹಿಂದೆ ತಂಗಿಯನ್ನು ಅಡಗಿಸಿಟ್ಟಿದ್ದ.